ಸರ್ಕಾರಿ ಜಾಗ ತೆರವು ಮಾಡಿ ಎಂಬ ನೋಟಿಸ್ ಬಂದರೆ: ಮಂಗಳೂರು, ಉಡುಪಿಯವರಿಗೆ ಒಂದು ಕಾನೂನು ಮಾರ್ಗದರ್ಶಿ

"ತಹಶೀಲ್ದಾರರ ನೋಟಿಸ್ ಬಂದಿದೆ, ಏಳು ದಿನದಲ್ಲಿ ಜಾಗ ಬಿಡಬೇಕಂತೆ. ಸ್ಟೇ ಸಿಗ್ತದಾ?" ಕರಾವಳಿಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಂದೇ ಸಾಲಿನ ಉತ್ತರ ಇಲ್ಲ. ಯಾವ ಕಾಯ್ದೆಯಲ್ಲಿ ನೋಟಿಸ್ ಬಂದಿದೆ, ಜಾಗ ದಾಖಲೆಯಲ್ಲಿ ಏನೆಂದಿದೆ, ನಿಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ಟೇ, ಅಂದರೆ ತಡೆಯಾಜ್ಞೆ, ಎಂಬುದು ಇವೆಲ್ಲ ಆದ ಮೇಲಿನ ಮಾತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಸರ್ಕಾರಿ ಜಾಗದಲ್ಲಿ ಕೂತವರಿಗೆಲ್ಲ ಕಾನೂನು ರಕ್ಷಣೆ ಕೊಡುವುದಿಲ್ಲ. ಗ್ರಾಮದ ಸಾರ್ವಜನಿಕ ಜಾಗಗಳ ಅತಿಕ್ರಮಣ ತೆರವು ಮಾಡಿ ಎಂದು 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಭೂಹೀನ ಕೂಲಿಕಾರರು, ಪರಿಶಿಷ್ಟ ಜಾತಿ, ಪಂಗಡದವರಂಥ ಕೆಲವರಿಗೆ ಮಾತ್ರ ವಿನಾಯಿತಿ ಯೋಚಿಸಬಹುದು ಎಂದಿದೆ. ಹತ್ತು ಎಕರೆ ವರ್ಗ (ಸ್ವಂತ ಪಟ್ಟಾ) ಜಾಗ ಇದ್ದೂ ಪಕ್ಕದ ಪರಂಬೋಕಿಗೆ, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಸರ್ಕಾರಿ ಜಾಗಕ್ಕೆ, ಬೇಲಿ ಹಾಕಿದವರಿಗೆ ಈ ಲೇಖನದಿಂದ ದೊಡ್ಡ ಉಪಕಾರ ಆಗಲಿಕ್ಕಿಲ್ಲ. ದಶಕಗಳಿಂದ ಮನೆ ಕಟ್ಟಿ ಕೂತವರು, ಸಕ್ರಮದ (ಕೂತ ಜಾಗವನ್ನು ಕಾನೂನುಬದ್ಧ ಮಾಡಿಕೊಡಿ ಎಂಬ) ಅರ್ಜಿ ಬಾಕಿ ಇರುವವರು, ಸ್ವಂತ ಪಟ್ಟಾ ಜಾಗವೇ ಸರ್ವೆ ತಪ್ಪಿನಿಂದ ಸರ್ಕಾರಿ ಎಂದಾಗಿರುವವರು ಮುಂದೆ ಓದಿ.

ಹಂತ 1: ನೋಟಿಸ್ ತಗೊಳ್ಳಿ, ದಿನಾಂಕ ಬರೆದಿಡಿ

ಉಗ್ರಾಣಿ (ಗ್ರಾಮ ಸಹಾಯಕ) ನೋಟಿಸ್ ತಂದಾಗ ಬಾಗಿಲು ಹಾಕಿಕೊಳ್ಳುವುದು, "ಯಜಮಾನರು ಇಲ್ಲ" ಎಂದು ವಾಪಸ್ ಕಳಿಸುವುದು ನಮ್ಮಲ್ಲಿ ಮಾಮೂಲು. ಇದರಿಂದ ನಷ್ಟ ನಿಮಗೇ. ನಿರಾಕರಿಸಿದರೆ ಗೋಡೆಗೆ ಅಂಟಿಸಿ ಮಹಜರು ಮಾಡುತ್ತಾರೆ. ಅಲ್ಲಿಗೆ ಜಾರಿಯಾದ ಹಾಗೇ ಲೆಕ್ಕ. ಗಡುವು ಓಡಲು ಶುರುವಾಗುತ್ತದೆ, ಆದರೆ ಒಳಗೇನು ಬರೆದಿದೆ ಎಂದು ನಿಮಗೇ ಗೊತ್ತಿರುವುದಿಲ್ಲ.

ತಗೊಂಡು ಸಹಿ ಹಾಕುವಾಗ ಪಕ್ಕದಲ್ಲೇ ಅವತ್ತಿನ ದಿನಾಂಕ, ಸಮಯ ಬರೆಯಿರಿ. ಅಂಚೆಯಲ್ಲಿ ಬಂದಿದ್ದರೆ ಲಕೋಟೆ ಇಟ್ಟುಕೊಳ್ಳಿ. ನೋಟಿಸಿನಲ್ಲಿರುವ ತಾರೀಕಿಗೂ ಕೈಗೆ ಸಿಕ್ಕ ತಾರೀಕಿಗೂ ಎಷ್ಟೋ ಸಲ ಹತ್ತು ದಿನದ ಅಂತರ ಇರುತ್ತದೆ. ಉತ್ತರ ಕೊಡಲು ಸಮಯವೇ ಸಿಗಲಿಲ್ಲ ಎಂದು ಮುಂದೆ ತೋರಿಸಲು ಆ ಲಕೋಟೆಯ ಅಂಚೆ ಮುದ್ರೆ ಸಾಕ್ಷಿ.

ಇನ್ನೊಂದು ಎಚ್ಚರಿಕೆ. "ಕಚೇರಿಗೆ ಬಂದು ಒಂದು ಮುಚ್ಚಳಿಕೆ ಬರೆದುಕೊಡಿ, ಸದ್ಯಕ್ಕೆ ಏನೂ ಮಾಡುವುದಿಲ್ಲ" ಎಂದು ಯಾರಾದರೂ ಕರೆದರೆ ಓದದೆ ಸಹಿ ಹಾಕಬೇಡಿ. "ನಾನು ಅತಿಕ್ರಮಿಸಿರುವುದು ನಿಜ, ಇಂಥ ದಿನದೊಳಗೆ ಸ್ವತಃ ತೆರವು ಮಾಡುತ್ತೇನೆ" ಎಂಬ ಎರಡು ಸಾಲು ಅದರಲ್ಲಿದ್ದರೆ ಮುಂದಿನ ಹೋರಾಟ ಅಲ್ಲೇ ಮುಗಿದ ಹಾಗೆ.

ಹಂತ 2: ಯಾವ ಕಾಯ್ದೆ, ಯಾವ ಕಲಂ ಎಂದು ಹುಡುಕಿ

ನೋಟಿಸಿನ ಮೇಲ್ಭಾಗದಲ್ಲೋ ಮೊದಲ ಪ್ಯಾರಾದಲ್ಲೋ ಕಾಯ್ದೆಯ ಹೆಸರು ಇರುತ್ತದೆ. ಅದನ್ನು ಹಿಡಿದರೆ ಎಲ್ಲಿ ಪ್ರಶ್ನಿಸಬೇಕು ಎಂಬುದು ತನ್ನಿಂದ ತಾನೇ ಗೊತ್ತಾಗುತ್ತದೆ. ಹೆಸರೇ ಇಲ್ಲದಿದ್ದರೆ ಅದೂ ನಿಮ್ಮ ವಾದಕ್ಕೆ ಒಂದು ಅಂಶ.

ನಮ್ಮ ಕಡೆ ಜಾಸ್ತಿ ಕಾಣುವುದು ಕರ್ನಾಟಕ ಭೂ ಕಂದಾಯ ಕಾಯ್ದೆ, 1964. ಇದರಲ್ಲಿ ಕಲಂ 94 ಅನಧಿಕೃತ ಸ್ವಾಧೀನಕ್ಕೆ ದಂಡ ಹಾಕುವುದು, ಬೆಳೆ ಮತ್ತು ಕಟ್ಟಡ ಮುಟ್ಟುಗೋಲು ಹಾಕುವುದರ ಬಗ್ಗೆ ಹೇಳುತ್ತದೆ. ಕಲಂ 104 ಸಂಕ್ಷಿಪ್ತ ತೆರವಿನದು. ಅಂದರೆ ಸಿವಿಲ್ ದಾವೆಯಂಥ ಉದ್ದದ ವಿಚಾರಣೆ ಇಲ್ಲದೆ ಕಂದಾಯ ಅಧಿಕಾರಿಯೇ ತೆರವು ಮಾಡಿಸುವುದು. ಹೇಗೆ ಮಾಡಿಸಬೇಕು ಎಂಬುದು ಕಲಂ 39ರಲ್ಲಿದೆ: ಮೊದಲು ನ್ಯಾಯವಾದ ಸಮಯ ಕೊಟ್ಟು ನೋಟಿಸ್, ಪಾಲಿಸದಿದ್ದರೆ ತೆರವು, ಯಾರಾದರೂ ಅಡ್ಡಿ ಮಾಡಿದರೆ ವಿಚಾರಣೆ. 94 ಮತ್ತು 104ರಲ್ಲಿ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ. ತಹಶೀಲ್ದಾರರು ಸಹಿ ಹಾಕುವುದು ಆ ಅಧಿಕಾರವನ್ನು ಅವರಿಗೆ ವಹಿಸಿಕೊಟ್ಟಿದ್ದಾಗ. ಹಾಗಾಗಿ ಸಹಿ ಯಾರದು ಎಂದು ನೋಡಿ. ಬರೀ ಕಂದಾಯ ನಿರೀಕ್ಷಕರ ಸಹಿ ಇರುವ ಚೀಟಿ ಆದೇಶವಲ್ಲ.

ಸರ್ಕಾರಿ ಕಟ್ಟಡ, ಕ್ವಾರ್ಟರ್ಸ್, ನಿಗಮಗಳ ಆಸ್ತಿ ಆಗಿದ್ದರೆ ಕರ್ನಾಟಕ ಸಾರ್ವಜನಿಕ ಆವರಣ ಕಾಯ್ದೆ, 1974. ಇದರ ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಿಗೆ. ರೈಲ್ವೆಯ ಜಾಗ, ಪಣಂಬೂರಿನ ಬಂದರಿನ ಜಾಗ ಆದರೆ ಕೇಂದ್ರದ 1971ರ ಸಾರ್ವಜನಿಕ ಆವರಣ ಕಾಯ್ದೆ ಬರುತ್ತದೆ. ಇಲ್ಲಿ ಎಸ್ಟೇಟ್ ಅಧಿಕಾರಿ ತೆರವಿನ ಆದೇಶ ಮಾಡಿದ ಮೇಲೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಹಾಕಲು ಇರುವುದು ಬರೀ 12 ದಿನ. ವಕೀಲರನ್ನು ಹುಡುಕುವಷ್ಟರಲ್ಲೇ ಮುಗಿದುಹೋಗುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಅಂಗಡಿಗಳಿಗೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ ಬೇರೆ. ಬೀದಿ ಬದಿ ವ್ಯಾಪಾರಿಗಳದ್ದು ಇನ್ನೂ ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರನ್ನು ಎಬ್ಬಿಸುವ ಮೊದಲು 30 ದಿನದ ನೋಟಿಸ್ ಬೇಕು. ಜಪ್ತಿ ಮಾಡಿದ ಸಾಮಾನಿನ ಪಟ್ಟಿ ಕೊಡಬೇಕು. ಗಾಡಿಯಲ್ಲಿ ವ್ಯಾಪಾರ ಮಾಡುವವರು ಭೂ ಕಂದಾಯ ಕಾಯ್ದೆ ಹಿಡಿದು ಅಲೆಯಬೇಡಿ.

ಅರಣ್ಯ ಇಲಾಖೆಯ ನೋಟಿಸ್ ಆಗಿದ್ದರೆ ಸಾಮಾನ್ಯವಾಗಿ ಕರ್ನಾಟಕ ಅರಣ್ಯ ಕಾಯ್ದೆ, 1963ರ ಕಲಂ 64ಎ ಎಂದಿರುತ್ತದೆ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅದಕ್ಕಿಂತ ಮೇಲಿನವರು ಈ ಆದೇಶ ಮಾಡಬೇಕು. ಇಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 4(5) ನೆನಪಿಡಿ. ಅರಣ್ಯದಲ್ಲೇ ಬದುಕುವ ಪರಿಶಿಷ್ಟ ಪಂಗಡದವರನ್ನಾಗಲಿ, ಇತರ ಪಾರಂಪರಿಕ ಅರಣ್ಯವಾಸಿಗಳನ್ನಾಗಲಿ ಅವರ ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ತೆರವು ಮಾಡುವ ಹಾಗಿಲ್ಲ. ಕೊರಗ, ಮಲೆಕುಡಿಯ ಕುಟುಂಬಗಳು ಮೊದಲು ಎತ್ತಬೇಕಾದ ಮಾತು ಇದು. 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಸ್ವಾಧೀನ ಇರಬೇಕು. ಪಂಗಡದವರಲ್ಲದಿದ್ದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿಯನ್ನು ಗ್ರಾಮಸಭೆ ತಿರಸ್ಕರಿಸಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು.

ಭೂ ಕಬಳಿಕೆ ನಿಷೇಧ ಕಾಯ್ದೆ, 2011ರ ಹೆಸರು ಕಂಡರೆ ಸುಮ್ನೆ ಕೂರಬೇಡಿ. ಅದು ಕ್ರಿಮಿನಲ್ ಸ್ವರೂಪದ್ದು, ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿದೆ. ಅವತ್ತೇ ವಕೀಲರನ್ನು ನೋಡಿ.

ಹಂತ 3: ಜಾಗ ನಿಜವಾಗಿ ಯಾವುದು?

ಹೆಚ್ಚಿನವರು ಈ ಹಂತ ಹಾರಿಸಿ ನೇರ ಕೋರ್ಟಿಗೆ ಓಡುತ್ತಾರೆ. ನನ್ನ ಪ್ರಕಾರ ಅರ್ಧ ಕೇಸು ಗೆಲ್ಲುವುದು, ಸೋಲುವುದು ಇಲ್ಲೇ.

ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ. 9ನೇ ಕಾಲಂ, 11ನೇ ಕಾಲಂ, 12ನೇ ಕಾಲಂ ಮೂರನ್ನೂ ನೋಡಿ. ಮಾಲೀಕರ ಹೆಸರು, ಹಕ್ಕು ಮತ್ತು ಋಣ, ಸಾಗುವಳಿ ವಿವರ ಅಲ್ಲಿ ಇರುತ್ತದೆ. ‘ಸರ್ಕಾರ’ ಎಂದಿದ್ದರೆ ಅದು ಯಾವ ಬಗೆಯ ಸರ್ಕಾರಿ ಜಾಗ ಎಂಬುದು ಮುಂದಿನ ಪ್ರಶ್ನೆ. ಕರಾವಳಿಯಲ್ಲಿ ಇದರ ಬಗೆಗಳು ಬಹಳ.

ಕುಮ್ಕಿ ಎಂದರೆ ವರ್ಗ ಜಾಗದ ಸುತ್ತ ಸುಮಾರು 100 ಗಜದೊಳಗಿನ ಸರ್ಕಾರಿ ಜಾಗ. ಅಲ್ಲಿ ಸೊಪ್ಪು, ಕಟ್ಟಿಗೆ ತರುವ, ದನ ಮೇಯಿಸುವ ಸೌಲಭ್ಯ ಪಕ್ಕದ ವರ್ಗದಾರರಿಗೆ ಇದೆ. ಭೂ ಕಂದಾಯ ಕಾಯ್ದೆಯ ಕಲಂ 79 ಈ ಸೌಲಭ್ಯಗಳನ್ನು ಉಳಿಸಿದೆ. ಆದರೆ ಸೌಲಭ್ಯ ಬೇರೆ, ಒಡೆತನ ಬೇರೆ. "ಕುಮ್ಕಿ ನಮ್ಮದೇ ಅಲ್ವಾ, ಅಜ್ಜನ ಕಾಲದಿಂದ ಇದೆ" ಎಂದು ಮನೆ ಕಟ್ಟಿದವರ ವಾದ ಇಲ್ಲೇ ಮುಗ್ಗರಿಸುತ್ತದೆ. ಹಾಗೆಯೇ ನಿಮ್ಮ ಕುಮ್ಕಿಯಲ್ಲಿ ಬೇರೆಯವರು ಕೂತು ಸಕ್ರಮ ಕೇಳಿದರೆ ತಕರಾರು ಹಾಕುವುದಕ್ಕೆ ನಿಮಗೆ ದಾರಿ ಇದೆ.

ತೋಡು ಪರಂಬೋಕು, ಹೊಳೆ ಬದಿ, ರಸ್ತೆ ಪರಂಬೋಕು ಎಂದಿದ್ದರೆ ನಿಮ್ಮ ಸ್ಥಿತಿ ಕಷ್ಟದ್ದು. ಅದು ಸಕ್ರಮ ಆಗುವುದೂ ಇಲ್ಲ, ನೋಟಿಸ್ ಗಡುವಿನ ರಕ್ಷಣೆಯೂ ಕಡಿಮೆ. ಡಿಸಿ ಮನ್ನಾ ಜಾಗ ಪರಿಶಿಷ್ಟರಿಗೆಂದೇ ಕಾಯ್ದಿರಿಸಿದ್ದು. ಬೇರೆಯವರು ಅಲ್ಲಿ ಹಕ್ಕು ಕೇಳುವುದು ನ್ಯಾಯವೂ ಅಲ್ಲ, ನಡೆಯುವುದೂ ಇಲ್ಲ. ಡೀಮ್ಡ್ ಫಾರೆಸ್ಟ್ ಎಂದರೆ ಅರಣ್ಯವೆಂದು ಅಧಿಸೂಚನೆ ಆಗದಿದ್ದರೂ ಅರಣ್ಯದ ಲಕ್ಷಣ ಇದೆ ಎಂದು ಪಟ್ಟಿ ಮಾಡಿದ ಭೂಮಿ. 2022ರಲ್ಲಿ ರಾಜ್ಯ ಸರ್ಕಾರ ಈ ಪಟ್ಟಿಯನ್ನು ತುಂಬಾ ಕಡಿತ ಮಾಡಿತು. ನಿಮ್ಮ ಸರ್ವೆ ನಂಬರ್ ಈಗಲೂ ಒಳಗಿದೆಯೋ ಹೊರಗೆ ಬಂದಿದೆಯೋ ಎಂದು ತಾಲೂಕು ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಹಳೆಯ ಪಟ್ಟಿ ಹಿಡಿದೇ ಅರ್ಜಿ ತಿರಸ್ಕರಿಸಿದ್ದರೆ ಅದು ಮೇಲ್ಮನವಿಗೆ ಒಳ್ಳೆಯ ಕಾರಣ.

ಇನ್ನು ಅಳತೆ. ಆರ್‌ಟಿಸಿಯಲ್ಲಿ ನಿಮ್ಮದು 30 ಸೆಂಟ್ಸ್, ನೆಲದ ಮೇಲೆ ಬೇಲಿ ಇರುವುದು 38 ಸೆಂಟ್ಸಿಗೆ. ಆ 8 ಸೆಂಟ್ಸ್ ಸರ್ಕಾರದ್ದೋ, ಪಕ್ಕದ ಮನೆಯವರದ್ದೋ, ನಿಮ್ಮದೇ ಇನ್ನೊಂದು ಹಿಸ್ಸೆಯದ್ದೋ? ಪ್ಲಾಟಿಂಗ್ ಆಗದ ಜಾಗಗಳಲ್ಲಿ ಈ ಗೊಂದಲ ಜಾಸ್ತಿ. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಮಂಜೂರಾಗಿ, ನಕ್ಷೆಯಲ್ಲಿ ಮಾತ್ರ ಗಡಿ ಬೇರೆಯಾಗಿರುವುದಿಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಎಫ್‌ಎಂಬಿ (ಸರ್ವೆ ಅಳತೆ ಪುಸ್ತಕದ) ನಕ್ಷೆಯ ದೃಢೀಕೃತ ನಕಲು ತೆಗೆಸಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದು ನಿಮ್ಮ ತಿಳುವಳಿಕೆಗೆ ಮಾತ್ರ, ಕೋರ್ಟಿನಲ್ಲಿ ಅದನ್ನೇ ಹಿಡಿದು ವಾದಿಸಲಾಗುವುದಿಲ್ಲ.

ನಿಮಗೆ ಗೊತ್ತಿಲ್ಲದೆ ಸರ್ವೆ ಮಾಡಿ ‘ಒತ್ತುವರಿ’ ಎಂದು ವರದಿ ಕೊಟ್ಟಿದ್ದಾರಾ? ಹಾಗಿದ್ದರೆ ಆ ವರದಿಯ ನಕಲು ಕೇಳಿ, ನಿಮ್ಮ ಎದುರಿನಲ್ಲೇ ಜಂಟಿ ಸರ್ವೆ ಆಗಬೇಕು ಎಂದು ಒತ್ತಾಯಿಸಿ. ನಕಲು ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉದ್ದುದ್ದ ಕಥೆ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಹಂತ 4: ನಿಮ್ಮ ನಿಲುವು ಒಂದೇ ಇರಲಿ

ಇದೇ ಈ ಲೇಖನದ ಮುಖ್ಯ ಮಾತು. ನಿಧಾನ ಓದಿ.

ಸರ್ಕಾರದ ವಿರುದ್ಧ ನೀವು ಹೇಳಬಹುದಾದದ್ದು ಹೆಚ್ಚುಕಡಿಮೆ ಮೂರು. ಒಂದು, ಜಾಗ ಸರ್ಕಾರದ್ದಲ್ಲ, ನನ್ನದು. ಎರಡು, ಜಾಗ ಸರ್ಕಾರದ್ದೇ, ಆದರೆ ಸಕ್ರಮಕ್ಕೆ ನನಗೆ ಅರ್ಹತೆ ಇದೆ, ಅರ್ಜಿ ಬಾಕಿ ಇದೆ. ಮೂರು, ಜಾಗ ಯಾರದ್ದೇ ಇರಲಿ, ನೀವು ಕ್ರಮ ಪ್ರಕಾರ ನಡೆದಿಲ್ಲ.

ಮೂರನೆಯದು ಯಾವುದರ ಜೊತೆಗೂ ಹೊಂದುತ್ತದೆ. ಮೊದಲೆರಡು ಒಂದಕ್ಕೊಂದು ಆಗಿಬರುವುದಿಲ್ಲ. ಆದರೆ ದಿನಾ ಕಾಣುವುದು ಏನು? ವಕೀಲರು ‘ಪ್ರತಿಕೂಲ ಸ್ವಾಧೀನ’ ಎಂದು ದಾವೆ ಹಾಕಿರುತ್ತಾರೆ. ಪ್ರತಿಕೂಲ ಸ್ವಾಧೀನ ಎಂದರೆ ನಿಜವಾದ ಒಡೆಯನ ಹಕ್ಕನ್ನು ಒಪ್ಪದೆ, ಬಹಿರಂಗವಾಗಿ, ಎಡೆಬಿಡದೆ ಇಷ್ಟು ವರ್ಷ ಕೂತಿದ್ದೇನೆ ಎಂಬ ವಾದ. ಸರ್ಕಾರದ ವಿರುದ್ಧ ಅದಕ್ಕೆ 30 ವರ್ಷ ಬೇಕು. ಅದೇ ಮನುಷ್ಯ ಹತ್ತು ವರ್ಷ ಹಿಂದೆ ‘ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿದ್ದೇನೆ, ದಯವಿಟ್ಟು ಸಕ್ರಮ ಮಾಡಿ’ ಎಂದು ಅರ್ಜಿ ಕೊಟ್ಟಿರುತ್ತಾನೆ. ಸರ್ಕಾರಿ ವಕೀಲರು ಆ ಅರ್ಜಿಯನ್ನೇ ಹಾಜರುಪಡಿಸುತ್ತಾರೆ. ಸರ್ಕಾರವೇ ಒಡೆಯ ಎಂದು ನೀವೇ ಒಪ್ಪಿದ ಮೇಲೆ ಪ್ರತಿಕೂಲ ಎಲ್ಲಿ ಉಳಿಯಿತು?

ಹಿಂದೆ ಅತಿಕ್ರಮಣಕ್ಕೆ ಕಟ್ಟಿದ ಟಿಟಿ ದಂಡದ ರಸೀದಿಗೂ ಇದೇ ಇಬ್ಬಗೆ. ಸಕ್ರಮದ ವಾದಕ್ಕೆ ಅದು ಚಿನ್ನ, ಯಾಕೆಂದರೆ ಆ ವರ್ಷ ನೀವು ಅಲ್ಲಿದ್ದಿರಿ ಎಂದು ಸರ್ಕಾರವೇ ಬರೆದುಕೊಟ್ಟಿದೆ. ಒಡೆತನದ ವಾದಕ್ಕೆ ಅದೇ ಉರುಳು.

ಹಾಗಾಗಿ ಮನೆಯಲ್ಲಿರುವ ಎಲ್ಲ ಕಾಗದ ಮೇಜಿನ ಮೇಲೆ ಹರಡಿ, ವಕೀಲರಿಗೆ ಏನನ್ನೂ ಮುಚ್ಚಿಡದೆ ತೋರಿಸಿ.

ಮದ್ರಾಸ್ ಪ್ರಾಂತ್ಯದ ಕಾಲದ ಅಡಂಗಲ್ (ಆಗಿನ ಸಾಗುವಳಿ ದಾಖಲೆ), ಹಳೆಯ ಪಟ್ಟಾ, ನೋಂದಾಯಿತ ಕ್ರಯಪತ್ರ, ವಿಭಾಗಪತ್ರ ಇದ್ದರೆ ಒಡೆತನದ ದಾರಿ ಹಿಡಿಯಬಹುದು. ಇಲ್ಲಿ 1982ರ ಒಂದು ತೀರ್ಪು ನಿಮ್ಮ ಬೆನ್ನಿಗಿದೆ. ಆಂಧ್ರಪ್ರದೇಶ ಸರ್ಕಾರ ಮತ್ತು ತುಮ್ಮಲ ಕೃಷ್ಣರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಹಕ್ಕಿನ ಬಗ್ಗೆ ಪ್ರಾಮಾಣಿಕ ವಿವಾದ ಇದ್ದರೆ ಸರ್ಕಾರ ತಾನೇ ತೀರ್ಮಾನ ಮಾಡಿಕೊಂಡು ಸಂಕ್ಷಿಪ್ತ ತೆರವು ಮಾಡುವಂತಿಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ‘ಪ್ರಾಮಾಣಿಕ’ ಎಂಬುದು ಅಲ್ಲಿ ಮುಖ್ಯ. ಬರೀ ಬಾಯಿಮಾತಿನ ವಿವಾದಕ್ಕೆ ಈ ರಕ್ಷಣೆ ಇಲ್ಲ.

ಅಂಥ ಕಾಗದ ಇಲ್ಲದಿದ್ದರೆ ಸಕ್ರಮದ ದಾರಿ. ಸಾಗುವಳಿ ಜಾಗಕ್ಕೆ ನಮೂನೆ 50, 53, 57 ಎಂದು ಬೇರೆ ಬೇರೆ ಕಾಲದ ಅರ್ಜಿಗಳಿವೆ. ನಮೂನೆ 57 ಇರುವುದು 2005ರ ಜನವರಿ 1ಕ್ಕಿಂತ ಮೊದಲಿನಿಂದ ಸಾಗುವಳಿ ಮಾಡುತ್ತಿರುವವರಿಗೆ. ಮನೆಗಳಿಗೆ ಭೂ ಕಂದಾಯ ಕಾಯ್ದೆಯ ಕಲಂಗಳಿವೆ: ಹಳ್ಳಿಯಲ್ಲಿ 94ಸಿ, ಪೇಟೆಯಲ್ಲಿ 94ಸಿಸಿ. ಯಾವ ದಿನದ ಮೊದಲು ಕಟ್ಟಿರಬೇಕು, ಅರ್ಜಿ ಸ್ವೀಕರಿಸುತ್ತಿದ್ದಾರೋ ಇಲ್ಲವೋ ಎಂಬುದು ತಿದ್ದುಪಡಿಯಾದ ಹಾಗೆ ಬದಲಾಗುತ್ತಾ ಬಂದಿದೆ. ಅರ್ಜಿ ಹಾಕುವ ದಿನದ ನಿಯಮ ಏನೆಂದು ನಾಡಕಚೇರಿಯಲ್ಲೇ ಕೇಳಿ, ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ. ನಗರದ ಗಡಿಯಿಂದ ಇಂತಿಷ್ಟು ಕಿಲೋಮೀಟರ್ ಒಳಗೆ ಸಾಗುವಳಿ ಸಕ್ರಮ ಇಲ್ಲ ಎಂಬ ನಿರ್ಬಂಧವೂ ಇದೆ. ಮಂಗಳೂರು ಪಾಲಿಕೆಯ ಸುತ್ತಮುತ್ತ ಬಹಳ ಅರ್ಜಿ ಬಿದ್ದುಹೋಗುವುದು ಇದರಿಂದಲೇ.

ಅರ್ಜಿ ನಿಜವಾಗಿ ಬಾಕಿ ಇದ್ದರೆ ಅದು ದೊಡ್ಡ ಬಲ. ಅರ್ಜಿ ತೀರ್ಮಾನ ಆಗುವವರೆಗೆ ತೆರವು ಬೇಡ ಎಂದು ನಮ್ಮ ಹೈಕೋರ್ಟ್ ಅನೇಕ ಪ್ರಕರಣಗಳಲ್ಲಿ ನಿರ್ದೇಶನ ಕೊಟ್ಟಿದೆ. ಆದರೆ ‘ಬಾಕಿ ಇದೆ’ ಎಂದು ತೋರಿಸಲು ಸ್ವೀಕೃತಿ ಚೀಟಿ ಬೇಕು. ಎಷ್ಟೋ ಸಲ ಅರ್ಜಿ ಯಾವಾಗಲೋ ತಿರಸ್ಕೃತವಾಗಿ, ಹಿಂಬರಹ ಮಾತ್ರ ಮನೆಗೆ ತಲುಪಿರುವುದಿಲ್ಲ. ಕೋರ್ಟಿಗೆ ಹೋಗುವ ಮೊದಲೇ ಅರ್ಜಿಯ ಸ್ಥಿತಿ ತಿಳಿದುಕೊಳ್ಳಿ. ನೋಟಿಸ್ ಬಂದ ಮೇಲೆ ತರಾತುರಿಯಲ್ಲಿ ಹಾಕಿದ ಹೊಸ ಅರ್ಜಿಗೆ ಅಷ್ಟು ಬೆಲೆ ಸಿಗುವುದಿಲ್ಲ.

ಹಂತ 5: ಉತ್ತರ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ

ಗಡುವಿನೊಳಗೆ ಲಿಖಿತ ಉತ್ತರ ಕೊಡಲೇಬೇಕು. ಗ್ರಾಮ ಲೆಕ್ಕಿಗರ (ವಿ.ಎ.) ಹತ್ತಿರ ಮಾತಾಡಿ ಬಂದದ್ದು ಉತ್ತರವಲ್ಲ. ಶಾಸಕರ ಶಿಫಾರಸು ಪತ್ರವೂ ಅಲ್ಲ. ಶಾಸಕರು ಬಗರ್‌ಹುಕುಂ (ಸಾಗುವಳಿ ಸಕ್ರಮ) ಸಮಿತಿಯ ಅಧ್ಯಕ್ಷರು, ನಿಜ. ಆದರೆ ಅವರ ಪತ್ರ ತಡೆಯಾಜ್ಞೆ ಆಗುವುದಿಲ್ಲ.

ಉತ್ತರ ಎರಡು ಮೂರು ಪುಟ ಸಾಕು. ಸರ್ವೆ ನಂಬರ್, ವಿಸ್ತೀರ್ಣ, ಎಷ್ಟು ಸಮಯದಿಂದ ಇದ್ದೀರಿ, ನಿಮ್ಮ ನಿಲುವು, ಅದಕ್ಕೆ ಆಧಾರ. ಕೊನೆಯಲ್ಲಿ ಮೂರು ಬೇಡಿಕೆ ಇಡಿ: ಸರ್ವೆ ವರದಿಯ ನಕಲು, ನನ್ನ ಸಮ್ಮುಖದಲ್ಲಿ ಜಂಟಿ ಸರ್ವೆ, ಮತ್ತು ಖುದ್ದು ವಿಚಾರಣೆ. ಇವನ್ನು ಕೇಳಿಯೂ ಕೊಡದಿದ್ದರೆ ಮುಂದೆ ‘ಸಹಜ ನ್ಯಾಯ ಪಾಲಿಸಿಲ್ಲ’ ಎಂದು ವಾದಿಸಬಹುದು. ಕೇಳದೇ ಇದ್ದರೆ ಆ ವಾದ ಅಷ್ಟು ನಿಲ್ಲುವುದಿಲ್ಲ.

ದಾಖಲೆ ಜೋಡಿಸುವಾಗ ಹಳೆಯದು ಮೊದಲು. ಮೆಸ್ಕಾಂ ಬಿಲ್, ಮನೆ ತೆರಿಗೆ ರಸೀದಿ, ರೇಷನ್ ಕಾರ್ಡ್, ಮಕ್ಕಳ ಶಾಲಾ ದಾಖಲೆಯಲ್ಲಿರುವ ವಿಳಾಸ, ಮತದಾರರ ಪಟ್ಟಿ ಇವೆಲ್ಲ ನೀವು ಅಲ್ಲಿ ವಾಸ ಇದ್ದದ್ದಕ್ಕೆ ಪುರಾವೆ. ಒಡೆತನಕ್ಕಲ್ಲ. "ಕರೆಂಟ್ ಕೊಟ್ಟಿದ್ದಾರೆ, ಡೋರ್ ನಂಬರ್ ಕೊಟ್ಟಿದ್ದಾರೆ, ಅಂದ ಮೇಲೆ ಜಾಗ ನಮ್ಮದೇ" ಎಂಬುದು ಬಹಳ ಜನರ ತಪ್ಪು ತಿಳುವಳಿಕೆ. ಹಳೆಯ ಉಪಗ್ರಹ ಚಿತ್ರಗಳಲ್ಲಿ ಮನೆಯ ಮಾಡು ಕಾಣುತ್ತಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಲಗತ್ತಿಸಲು ವಕೀಲರಿಗೆ ಹೇಳಿ.

ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿ. ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಹಂತ 6: ತೆರವಿನ ಆದೇಶ ಬಂತು. ಈಗ ಮೇಲ್ಮನವಿ

ಭೂ ಕಂದಾಯ ಕಾಯ್ದೆಯಲ್ಲಿ ಮೇಲ್ಮನವಿಗೆ ಮೆಟ್ಟಿಲುಗಳಿವೆ. ತಹಶೀಲ್ದಾರರ ಆದೇಶದ ಮೇಲೆ ಸಹಾಯಕ ಆಯುಕ್ತರಿಗೆ. ಅವರ ಆದೇಶದ ಮೇಲೆ ಜಿಲ್ಲಾಧಿಕಾರಿಗೆ. ಜಿಲ್ಲಾಧಿಕಾರಿಯ ಆದೇಶದ ಮೇಲೆ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ದಕ್ಷಿಣ ಕನ್ನಡದಲ್ಲಿ ಸಹಾಯಕ ಆಯುಕ್ತರ ಕಚೇರಿ ಮಂಗಳೂರು ಮತ್ತು ಪುತ್ತೂರಿನಲ್ಲಿದೆ. ಬಂಟ್ವಾಳ, ಮೂಡುಬಿದಿರೆ, ಮೂಲ್ಕಿ, ಉಳ್ಳಾಲದವರು ಮಂಗಳೂರಿಗೆ ಬರಬೇಕು. ಬೆಳ್ತಂಗಡಿ, ಸುಳ್ಯ, ಕಡಬದವರು ಪುತ್ತೂರಿಗೆ. ಉಡುಪಿ ಜಿಲ್ಲೆಗೆ ಇಡೀ ಒಂದೇ ಉಪವಿಭಾಗ, ಅದು ಕುಂದಾಪುರ. ಕಾರ್ಕಳದವರೂ ಅಲ್ಲಿಗೇ ಹೋಗಬೇಕು.

ಇಲ್ಲಿ ಎಡವುವವರು ತುಂಬಾ ಜನ. ಮೇಲ್ಮನವಿಗೆ ಕಾಯ್ದೆ ಕೊಟ್ಟ ಕಾಲಮಿತಿ ಉದ್ದ, ತೆರವಿನ ಆದೇಶದಲ್ಲಿ ಕೊಟ್ಟ ಗಡುವು ಗಿಡ್ಡ. "ಇನ್ನೂ ಸಮಯ ಇದೆ" ಎಂದು ಕೂತರೆ ಮೇಲ್ಮನವಿ ಹಾಕುವ ಮೊದಲೇ ಗೋಡೆ ಬಿದ್ದಿರುತ್ತದೆ. ಜೊತೆಗೆ, ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ತನ್ನಿಂದ ತಾನೇ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆಯೇ ಅರ್ಜಿ ಕೊಡಬೇಕು, ಅದನ್ನು ತುರ್ತಾಗಿ ಕೇಳಿ ಎಂದು ಕೋರಬೇಕು. ಆದೇಶದ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿ. ಹಾಕಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.

ಹಂತ 7: ಸಿವಿಲ್ ಕೋರ್ಟೋ ಹೈಕೋರ್ಟೋ?

ಕಂದಾಯ ವಿಷಯಗಳಲ್ಲಿ ಸಿವಿಲ್ ಕೋರ್ಟಿನ ಅಧಿಕಾರವನ್ನು ಭೂ ಕಂದಾಯ ಕಾಯ್ದೆಯ ಕಲಂ 61 ಮೊಟಕು ಮಾಡಿದೆ. ಕಲಂ 63 ಪ್ರಕಾರ ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಮೇಲ್ಮನವಿಯ ದಾರಿ ಮುಗಿಸಿರಬೇಕು. ಹಾಗಾಗಿ ‘ತೆರವು ಆದೇಶ ರದ್ದು ಮಾಡಿ’ ಎಂದಷ್ಟೇ ಕೇಳಿ ಸಿವಿಲ್ ದಾವೆ ಹಾಕಿದರೆ ಆರಂಭದಲ್ಲೇ ಆಕ್ಷೇಪ ಬರುತ್ತದೆ. ಒಡೆತನ ಘೋಷಿಸಿ ಎಂದು ಕೇಳುವ ದಾವೆಯೇ ಅಲ್ಲಿಗೆ ಸರಿಯಾದದ್ದು. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಎರಡು ತಿಂಗಳು ಯಾರು ಕಾಯುತ್ತಾರೆ? ಅದಕ್ಕೇ 80(2) ಇದೆ. ತುರ್ತು ಪರಿಹಾರ ಬೇಕಾದಾಗ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೇ ದಾವೆ ಹಾಕಬಹುದು.

ಹೈಕೋರ್ಟಿಗೆ ಹೋಗುವುದು ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯ ಮೂಲಕ. ನಮ್ಮ ಎರಡೂ ಜಿಲ್ಲೆಗಳಿಗೆ ಬೆಂಗಳೂರಿನ ಪ್ರಧಾನ ಪೀಠ. ಮೇಲ್ಮನವಿಯ ದಾರಿ ಇರುವಾಗ ಇಲ್ಲಿಗೆ ಯಾಕೆ ಬಂದಿರಿ ಎಂದು ಮೊದಲು ಕೇಳುತ್ತಾರೆ. ನೋಟಿಸೇ ಕೊಡಲಿಲ್ಲ, ಉತ್ತರವನ್ನು ನೋಡಲೇ ಇಲ್ಲ, ಅಧಿಕಾರ ಇಲ್ಲದವರು ಆದೇಶ ಮಾಡಿದ್ದಾರೆ, ಸಕ್ರಮದ ಅರ್ಜಿ ಬಾಕಿ ಇರುವಾಗಲೇ ತೆರವು ಮಾಡುತ್ತಿದ್ದಾರೆ ಎಂಬಂಥ ಕಾರಣ ಇದ್ದರೆ ಕೇಳುತ್ತಾರೆ. ‘ಯಾರ ಜಾಗ’ ಎಂಬ ಸತ್ಯಾಂಶದ ಜಗಳವನ್ನು ರಿಟ್‌ನಲ್ಲಿ ಬಿಡಿಸುವುದಿಲ್ಲ.

ಕಟ್ಟಡ ಕೆಡವುವ ವಿಷಯದಲ್ಲಿ 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪನ್ನು ವಕೀಲರು ಈಗ ಹೆಚ್ಚು ಬಳಸುತ್ತಾರೆ. ಬುಲ್ಡೋಜರ್ ತೀರ್ಪು ಎಂದು ಪೇಪರಿನಲ್ಲಿ ಬಂದದ್ದು ಅದೇ. ಕಾರಣ ಕೇಳುವ ನೋಟಿಸ್ ಕೊಟ್ಟು ಕನಿಷ್ಠ 15 ದಿನ, ನೋಂದಾಯಿತ ಅಂಚೆಯ ಜೊತೆ ಕಟ್ಟಡಕ್ಕೂ ಅಂಟಿಸುವುದು, ಖುದ್ದು ವಿಚಾರಣೆ, ಕಾರಣ ಸಹಿತ ಆದೇಶ, ಆದೇಶದ ನಂತರ ಮತ್ತೆ 15 ದಿನ, ಕೆಡವುವಾಗ ವಿಡಿಯೋ ಚಿತ್ರೀಕರಣ, ಇವೆಲ್ಲ ಕಡ್ಡಾಯ ಎಂದಿದೆ. ಪಾಲಿಸದ ಅಧಿಕಾರಿ ಸ್ವಂತ ಖರ್ಚಿನಲ್ಲಿ ಪುನಃ ಕಟ್ಟಿಸಿಕೊಡಬೇಕಾಗಬಹುದು. ಆದರೆ ಪೇಪರಿನಲ್ಲಿ ದೊಡ್ಡದಾಗಿ ಬಾರದ ಸಾಲು ಒಂದಿದೆ. ರಸ್ತೆ, ಫುಟ್‌ಪಾತ್, ರೈಲು ಹಳಿ ಬದಿ, ನದಿ, ಕೆರೆಯಂಥ ಜಲಮೂಲದ ಜಾಗದಲ್ಲಿರುವ ಕಟ್ಟಡಗಳಿಗೆ, ಮತ್ತು ಕೋರ್ಟೇ ಕೆಡವಲು ಹೇಳಿದ ಕಡೆ, ಈ ರಕ್ಷಣೆ ಅನ್ವಯಿಸುವುದಿಲ್ಲ. ನೇತ್ರಾವತಿಯ ಬದಿಯಲ್ಲೋ ತೋಡಿನ ಮೇಲೋ ಕಟ್ಟಿದವರು ಈ ತೀರ್ಪಿನ ಮೇಲೆ ಭರವಸೆ ಇಡಬೇಡಿ.

ವಕೀಲರ ಖರ್ಚಿಗೆ ದಾರಿ ಇಲ್ಲದವರು ಮಂಗಳೂರು, ಉಡುಪಿ ನ್ಯಾಯಾಲಯಗಳಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಇದಿರುವಾಗ ತಾಲೂಕು ಕಚೇರಿ ಗೇಟಿನ ಹತ್ತಿರ "ಸ್ಟೇ ಮಾಡಿಸಿಕೊಡ್ತೇನೆ" ಎನ್ನುವವರ ಕೈಗೆ ಯಾಕೆ ದುಡ್ಡು ಕೊಡಬೇಕು ಮಾರಾಯ್ರೆ?

ಹಂತ 8: ಜೆಸಿಬಿ ಬಂದೇ ಬಿಟ್ಟರೆ

ಅಡ್ಡ ಮಲಗುವುದು, ಕಲ್ಲು ಎಸೆಯುವುದು ಬೇಡ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ಕೇಸು ಬಿದ್ದರೆ ಜಾಗದ ಕೇಸಿನ ಜೊತೆ ಇನ್ನೊಂದನ್ನು ಹೊರಬೇಕು. ಆದೇಶದ ಪ್ರತಿ ತೋರಿಸಿ ಎಂದು ಕೇಳಿ, ಫೋಟೋ ತೆಗೆಯಿರಿ. ಬಂದ ಅಧಿಕಾರಿಗಳ ಹುದ್ದೆ, ಸಮಯ ಬರೆದಿಡಿ. ಇಡೀ ಕೆಲಸದ ವಿಡಿಯೋ ಮಾಡಿಸಿ. ಮಹಜರಿಗೆ ಸಹಿ ಹಾಕುವುದಿದ್ದರೆ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದೇ ಹಾಕಿ. ತಡೆಯಾಜ್ಞೆ ಅವತ್ತೇ ಸಿಕ್ಕಿದ್ದರೆ ನಕಲು ಕೈಗೆ ಬರುವವರೆಗೆ ಕಾಯಬೇಡಿ. ವಕೀಲರಿಂದ ಲಿಖಿತ ಪತ್ರವನ್ನು ತಹಶೀಲ್ದಾರರಿಗೆ, ಠಾಣೆಗೆ ಇಮೇಲ್ ಮಾಡಿಸಿ, ಕೋರ್ಟಿನ ಜಾಲತಾಣದಲ್ಲಿ ಕಾಣುವ ಅಂದಿನ ಆದೇಶವನ್ನು ತೋರಿಸಿ.

ಸ್ಟೇ ಸಿಕ್ಕ ಮೇಲೆ ಹೊಸದಾಗಿ ಒಂದು ಮುರಕಲ್ಲೂ ಇಡಬೇಡಿ. ಶೆಡ್ಡಿಗೆ ಗೋಡೆ ಎಬ್ಬಿಸಿದರು, ಇನ್ನೊಂದು ಬಾವಿ ತೋಡಿದರು ಎಂಬ ಒಂದು ಫೋಟೋ ಸಾಕು, ಸರ್ಕಾರಿ ವಕೀಲರು ತಡೆ ತೆರವು ಮಾಡಿಸಿಬಿಡುತ್ತಾರೆ. ಮಧ್ಯಂತರ ತಡೆ ಹೆಚ್ಚಾಗಿ ‘ಮುಂದಿನ ದಿನಾಂಕದವರೆಗೆ’ ಎಂದಿರುತ್ತದೆ. ಆ ದಿನ ವಕೀಲರು ಹಾಜರಾಗಿ ಮುಂದುವರಿಸಲು ಕೇಳದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ. ಪ್ರತಿ ದಿನಾಂಕದ ಮರುದಿನ ತಡೆ ಮುಂದುವರಿದಿದೆಯೇ ಎಂದು ವಕೀಲರಿಗೆ ಫೋನ್ ಮಾಡಿ ಕೇಳಿ, ಆ ದಿನದ ಆದೇಶದ ಪ್ರತಿ ತೆಗೆದು ನೋಟಿಸಿನ ಫೈಲಿನಲ್ಲೇ ಇಡಿ.